ಯಾರಾಗಿ ಆಡುತ್ತಿದ್ದಾರೆ ನಮ್ಮ ಮಕ್ಕಳು?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಮಕ್ಕಳ ಮೊಬೈಲ್ ಆಟದ ಮಾತು ಬಂದಾಗಲೆಲ್ಲ ಹಿರಿಯರು ಲೆಕ್ಕ ಹಿಡಿಯುವುದು ಗಂಟೆಗಳನ್ನು. ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಹುಡುಗ ಅಲ್ಲಿ ಯಾರಾಗಿ ಆಡುತ್ತಿದ್ದಾನೆ ಎಂದು ವಿಚಾರಿಸುವವರು ವಿರಳ. ಶಾಲೆಯಲ್ಲಿ ಕಲಿಸುವ ನನಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎನಿಸುತ್ತದೆ.

ಬಿಜಿಎಂಐಯಂಥ ಗುಂಡಿನ ಕಾಳಗದ ಮೊಬೈಲ್ ಆಟದಲ್ಲಿ ನಾಲ್ವರ ಸ್ಕ್ವಾಡ್, ಅಂದರೆ ತಂಡ, ಕಟ್ಟಿಕೊಳ್ಳುತ್ತಾರೆ. ಒಬ್ಬ ಮುಂದೆ ನುಗ್ಗುತ್ತಾನೆ, ಒಬ್ಬ ದೂರದಿಂದ ಗುರಿಯಿಡುತ್ತಾನೆ, ಒಬ್ಬ ಬಿದ್ದವರನ್ನು ಎಬ್ಬಿಸುತ್ತಾನೆ, ಇವರೆಲ್ಲರನ್ನು ನಡೆಸುವವನು ಐಜಿಎಲ್ (ಇನ್-ಗೇಮ್ ಲೀಡರ್). ತರಗತಿಯಲ್ಲಿ ಬಾಯಿ ಬಿಡದ ಹುಡುಗ ಇಲ್ಲಿ ಐಜಿಎಲ್ ಆಗಿ, ಮಂಜೇಶ್ವರದ ಗೆಳೆಯನಿಗೆ ಕನ್ನಡದಲ್ಲಿ, ಪಯ್ಯನ್ನೂರಿನವನಿಗೆ ಮಲಯಾಳದಲ್ಲಿ ಅಪ್ಪಣೆ ಕೊಡುತ್ತಾನೆ, ಅವರು ಅದರಂತೆ ನಡೆಯುತ್ತಾರೆ. ಒಂದು ಪಾತ್ರದಲ್ಲಿ ಮನುಷ್ಯ ತನ್ನನ್ನು ಹೇಗೆ ಕಲ್ಪಿಸಿಕೊಳ್ಳುತ್ತಾನೋ ಅದೇ ಅವನ ಪಾತ್ರದ ಗುರುತು, ಆ ಗುರುತು ಉಳಿಯುವುದಕ್ಕೆ ಇತರರ ಒಪ್ಪಿಗೆ ಬೇಕು ಎಂದು ಮೆಕಾಲ್ ಮತ್ತು ಸಿಮನ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1966ರಲ್ಲೇ ವಿವರಿಸಿದ್ದರು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ದೊರೆಯದ ಒಪ್ಪಿಗೆ ಆಟದಲ್ಲಿ ದೊರೆತಿರುವಾಗ ಫೋನು ಕಸಿದುಕೊಂಡರೆ, ಅವನನ್ನು ಬಲ್ಲವರ ಬಳಗವೇ ಕೈತಪ್ಪುತ್ತದೆ. ಅವನ ಸಿಟ್ಟನ್ನು ಬರೀ ಚಟವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪಾತ್ರ ಆಡುವವನನ್ನೂ ತಿದ್ದುತ್ತದೆ. ಸಂಶೋಧಕರಾದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರ್ ಸೃಷ್ಟಿಸಿದ ಲೋಕದಲ್ಲಿ ಎತ್ತರದ ಶರೀರ ಪಡೆದವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಗಿಡ್ಡ ಶರೀರದವರಿಗಿಂತ ಹೆಚ್ಚು ಬಿಗಿಯಾಗಿ ಪಟ್ಟು ಹಿಡಿದರು. ಹಾಗೆಂದು ಆಟಗಾರ ಪಾತ್ರದ ಕೈಗೊಂಬೆಯಲ್ಲ. ಭಾಷಾಶಾಸ್ತ್ರಜ್ಞ ಜೇಮ್ಸ್ ಪಾಲ್ ಜೀ ಗುರುತಿಸುವಂತೆ, ನಿಜದ ವ್ಯಕ್ತಿ ಮತ್ತು ಆಟದ ಪಾತ್ರ ಇವೆರಡರ ನಡುವೆ ಮೂರನೆಯದೊಂದಿದೆ: ಈ ಪಾತ್ರ ಎಂಥದ್ದಾಗಬೇಕು ಎಂದು ಆಟಗಾರ ತನ್ನ ಆಸೆ, ಮೌಲ್ಯಗಳನ್ನು ಅದರ ಮೇಲೆ ಹೂಡುವುದು. ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವೇಷವಿಲ್ಲದೆ ಕುಳಿತು ರಾವಣನ ಪಾತ್ರವಾಗಿ ಅರ್ಥ (ಮಾತುಗಾರಿಕೆ) ಹೇಳಿದಾಗ ನಾವು ಕೇಳಿದ್ದು ಪ್ರಸಂಗದ ರಾವಣನೊಬ್ಬನನ್ನೇ ಅಲ್ಲ, ಶೇಣಿಯವರು ತಮ್ಮ ಓದು, ತರ್ಕಗಳಿಂದ ಕಟ್ಟಿದ ರಾವಣನನ್ನು.

ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ವ್ಯಾಧಿ (ಗೇಮಿಂಗ್ ಡಿಸಾರ್ಡರ್) ಸೇರಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದರ ಲಕ್ಷಣಗಳಲ್ಲಿ ಇಂತಿಷ್ಟು ಗಂಟೆ ಎಂಬ ಮಿತಿಯಿಲ್ಲ. ಹಿಡಿತ ತಪ್ಪಿದೆಯೇ, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿದೆಯೇ, ಹಾನಿಯಾಗುತ್ತಿದ್ದರೂ ಬಿಡಲಾಗುತ್ತಿಲ್ಲವೇ ಎಂಬುದನ್ನು ಅಲ್ಲಿ ನೋಡುತ್ತಾರೆ. ಬೇರೆ ಯಾವ ಪಾತ್ರವೂ ದಕ್ಕದ ಮಗು ಇರುವ ಒಂದೇ ಪಾತ್ರಕ್ಕೆ ಅಂಟಿಕೊಳ್ಳುವುದು ಸಹಜವೆಂದು ನಾನು ತಿಳಿಯುತ್ತೇನೆ.

ಆದ್ದರಿಂದ ಹೆತ್ತವರಲ್ಲಿ, ಸಹೋದ್ಯೋಗಿ ಅಧ್ಯಾಪಕರಲ್ಲಿ ನನ್ನ ವಿನಂತಿ: ಅವನನ್ನು ಹತ್ತಿರ ಕೂರಿಸಿಕೊಂಡು, ತಂಡದಲ್ಲಿ ಅವನ ಕೆಲಸವೇನು, ಉಳಿದ ಮೂವರು ಅವನ ಮಾತನ್ನು ನಂಬುವುದೇಕೆ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಈ ಸಲದ ಶಾಲಾ ಕಲೋತ್ಸವಕ್ಕೆ ತಂಡವನ್ನು ಹೊರಡಿಸುವಾಗ ಅದನ್ನು ನಡೆಸುವ ಹೊಣೆಯನ್ನು ಅವನಿಗೇ ಒಪ್ಪಿಸಿ ನೋಡಿ.