ಸ್ಪಷ್ಟನೆ: ಚಾವಣಿಯ ಪೈಪನ್ನು ನೇರ ಬೋರ್‌ವೆಲ್‌ಗೆ ಇಳಿಸಬೇಡಿ

‘ಚಿತ್ರದುರ್ಗದ ನಿವೃತ್ತ ಎಂಜಿನಿಯರ್ ಒಬ್ಬರ ಸಲಹೆ: ಚಾವಣಿ ನೀರಿನ ಪೈಪನ್ನು ಕೇಸಿಂಗ್ (ಬೋರ್‌ವೆಲ್‌ಗೆ ಇಳಿಸಿದ ಹೊರಕೊಳವೆ) ಬಾಯಿಗೆ ಕೂಡಿಸಿ, ಒಂದೇ ಮಳೆಗೆ ಬೋರ್ ತುಂಬುತ್ತದೆ, ಫ್ಲೋರೈಡೂ ಹೋಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನೀರಿನ ಕೆಲಸ ಬಲ್ಲ ಯಾವ ಎಂಜಿನಿಯರೂ ಹೀಗೆ ಹೇಳಲಾರರು.

ಚಾವಣಿಯ ಧೂಳು, ಎಲೆ, ಪಾರಿವಾಳದ ಹಿಕ್ಕೆ ಸೋಸದೆ ಒಳಗಿಳಿದರೆ ಅಂತರ್ಜಲವೇ ಕೆಡುತ್ತದೆ. ಹೂಳು ಬಂಡೆಯ ಬಿರುಕುಗಳಲ್ಲಿ ಕೂತರೆ ತೆಗೆಯುವುದು ಬಲು ಕಷ್ಟ. ಇದ್ದ ಸೆಲೆಯೂ ಕಟ್ಟಿಕೊಳ್ಳಬಹುದು.

ಸರಿಯಾದ ಕ್ರಮ ಇದು. ಕೇಸಿಂಗ್ ಸುತ್ತ ಸುಮಾರು 10 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಗುಂಡಿಯೊಳಗಿನ ಕೇಸಿಂಗ್‌ನ ಕೆಳಭಾಗಕ್ಕೆ ಮಾತ್ರ ಸಣ್ಣ ರಂಧ್ರ ಕೊರೆದು, ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿಯಿರಿ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ 40 ಮಿ.ಮೀ., ಬಳಿಕ 20 ಮಿ.ಮೀ. ಜಲ್ಲಿ, ಮೇಲೊಂದು ಜಾಲರಿ, ಕೊನೆಗೆ ತೊಳೆದ ಮರಳು. ಈ ಮೇಲಿನ ಜಾಲರಿ ಹಾಕದಿದ್ದರೆ ಮರಳು ಜಲ್ಲಿಗಿಳಿದು ಇಡೀ ಗುಂಡಿ ಕಟ್ಟಿಕೊಳ್ಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಹಂಗಾಮಿನ ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಪ್ರತಿ ಮುಂಗಾರಿಗೆ ಮುನ್ನ ಮೇಲಿನ ಮರಳನ್ನು ತೆಗೆದು ತೊಳೆಯಿರಿ. ಶೌಚದ ಗುಂಡಿ ಹತ್ತಿರವಿದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಒಂದೇ ಮಳೆಗೆ ತುಂಬುವ ಮಾತೂ ಸುಳ್ಳು. 1,000 ಚದರಡಿ ಚಾವಣಿಗೆ 10 ಮಿ.ಮೀ. ಮಳೆ ಬಿದ್ದರೆ ಸಿಗುವುದು ಹೆಚ್ಚೆಂದರೆ 900 ಲೀಟರ್ ಚಿಲ್ಲರೆ. ಮಳೆನೀರು ಫ್ಲೋರೈಡನ್ನು ತೆಳುವಾಗಿಸಬಹುದೇ ಹೊರತು ತೆಗೆದುಹಾಕುವುದಿಲ್ಲ. ಪರೀಕ್ಷೆಯಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಮಕ್ಕಳಿಗೆ ಕುಡಿಸಬೇಡಿ. ಕುದಿಸಿದರೂ ಅದು ಹೋಗದು.