ನಾಲಿಗೆ ಹೆರೆಯದೆ ಬನ್ನಿ

ಚೀನೀ ವೈದ್ಯರ ಹತ್ತಿರ ಹೋಗುವವರಿಗೆ ನನ್ನದು ಮೊದಲು ಒಂದೇ ಸಲಹೆ. ಹೋಗುವ ದಿನ ಬೆಳಿಗ್ಗೆ ನಾಲಿಗೆ ಹೆರೆಯಬೇಡಿ. ಸೂಜಿ, ಕಷಾಯ, ಬೆನ್ನ ಮೇಲೆ ಬಿಸಿ ಬಟ್ಟಲು, ಇವೆಲ್ಲ ಆಮೇಲಿನ ಮಾತು.

ನಮ್ಮ ಕಡೆ ಹಲ್ಲುಜ್ಜಿದರೆ ಅರ್ಧ ಕೆಲಸ ಅಷ್ಟೇ. ಆಮೇಲೆ ಸ್ಟೀಲಿನ ಟಂಗ್ ಕ್ಲೀನರ್ ತಗೊಂಡು, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಕ್ಯಾಕರಿಸಿದರೇನೇ ಬೆಳಗಾಗುವುದು. ಸಿಂಗಪುರದ ಹದಿನಾಲ್ಕನೇ ಮಹಡಿಗೆ ಬಂದ ಮೇಲೂ ನಾನು ಈ ಸಂಪ್ರದಾಯ ಬಿಟ್ಟಿಲ್ಲ. ಹಾಗೆ ಥಳಥಳ ಮಾಡಿಕೊಂಡ ನಾಲಿಗೆಯನ್ನು ವೈದ್ಯೆಯ ಮುಂದೆ ಹೆಮ್ಮೆಯಿಂದ ಚಾಚಿದೆ. ಅವರು ಬಗ್ಗಿ ನೋಡಿದರು. ಟಾರ್ಚ್ ಬಿಟ್ಟು ನೋಡಿದರು. ಕೊನೆಗೆ, "ಎಲ್ಲಿ ಹೋಯಿತು?" ಎಂದು ಕೇಳಿದರು.

"ಏನು?"

"ಮೇಲಿನ ಪದರ. ಅದನ್ನು ನೋಡಿ ತಾನೇ ನಾನು ಕಾಯಿಲೆ ಹೇಳಬೇಕು? ನೀವು ರಿಪೋರ್ಟನ್ನೇ ಕೆರೆದು ಬಿಸಾಕಿ ಬಂದಿದ್ದೀರಲ್ಲ!"

ಪದರ ಬಿಳಿಯಾಗಿದ್ದರೆ ಮೈಯಲ್ಲಿ ಶೀತ, ಹಳದಿಯಾಗಿದ್ದರೆ ಉಷ್ಣ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ್ದರೆ ಜೀರ್ಣಶಕ್ತಿ ಸಾಲದು ಅಂತ ಅವರ ಲೆಕ್ಕ. ಕಾಫಿ ಕುಡಿದು ಹೋದರೂ ಕಷ್ಟ. ಡಿಕಾಕ್ಷನ್ ಬಣ್ಣವೇ ಕಾಯಿಲೆಯ ಬಣ್ಣವಾಗಿಬಿಡುತ್ತದೆ. ನಾಲಿಗೆ ಹೆರೆಯದೆ, ಕಾಫಿ ಕುಡಿಯದೆ ಮನೆಯಿಂದ ಹೊರಡಬೇಕು. ಮೈಸೂರಿನವನಿಗೆ ಇದಕ್ಕಿಂತ ಸೂಜಿಯೇ ವಾಸಿ, ಅಲ್ವಾ?

ನಾನು ಹೋಗಿದ್ದು ಕತ್ತಿನ ಸಲುವಾಗಿ. ಒಂದು ಬೆಳಿಗ್ಗೆ ಎದ್ದಾಗ ಹಿಡಿದುಕೊಂಡಿದ್ದ ಕತ್ತು ಬಿಡಲೇ ಇಲ್ಲ. ಎಕ್ಸ್‌ರೇ ತೆಗೆದರು, ಏನೂ ಇಲ್ಲ ಎಂದರು, ನೋವಿನ ಮಾತ್ರೆ ಕೊಟ್ಟರು. ಯಾರಾದರೂ ಕರೆದರೆ ಪೂರ್ತಿ ಮೈಯನ್ನೇ ತಿರುಗಿಸಬೇಕಿತ್ತು. ಆಗ ನಮ್ಮ ಅಮ್ಮ ಬಂದಿದ್ದರು. "ದಿಂಬು ಬಿಸಿಲಿಗೆ ಹಾಕೋ, ಸಂಜೆ ಹೊತ್ತಿಗೆ ಬಿಟ್ಕೊಳ್ಳುತ್ತೆ" ಎಂದರು. ಹದಿನಾಲ್ಕನೇ ಮಹಡಿಯ ಕಿಟಕಿಯಿಂದ ದಿಂಬು ಯಾರ ತಲೆಯ ಮೇಲಾದರೂ ಬಿದ್ದರೆ ಈ ಊರಲ್ಲಿ ಪೊಲೀಸರು ಬರುತ್ತಾರೆ ಎಂದು ಹೇಳಿ ತಪ್ಪಿಸಿಕೊಂಡೆ. ಆಮೇಲೆ ಗೊತ್ತಾಯಿತು, ಕತ್ತು ಹಿಡಿದರೆ ಚೀನೀಯರೂ ದಿಂಬನ್ನೇ ದೂರುತ್ತಾರಂತೆ.

ಆಫೀಸಿನ ಗೆಳೆಯರೊಬ್ಬರು ಚೈನಾಟೌನಿನ ದಾರಿ ತೋರಿಸಿದರು. ಅಲ್ಲಿನ ಸೌತ್ ಬ್ರಿಡ್ಜ್ ರಸ್ತೆ ನನಗೆ ಹೊಸದಲ್ಲ. ಸಿಂಗಪುರದ ಅತಿ ಹಳೆಯ ಹಿಂದೂ ದೇವಸ್ಥಾನ, 1827ರ ಮಾರಿಯಮ್ಮನ ಗುಡಿ, ಇರುವುದು ಅಲ್ಲೇ. ಇಷ್ಟು ವರ್ಷ ಅಮ್ಮನವರಿಗೆ ಕೈಮುಗಿದು ನೇರ ಮನೆಗೆ ಬರುತ್ತಿದ್ದೆ. ಚೀನೀ ವೈದ್ಯವೂ ಈ ಊರಲ್ಲಿ ಹಳೆಯದೇ. ಬಡವರಿಗೆ ಜಾತಿ, ಧರ್ಮ ಕೇಳದೆ ಪುಕ್ಕಟೆ ಔಷಧಿ ಕೊಡುವ ಥಾಂಗ್ ಚಾಯ್ ಸಂಸ್ಥೆ 1867ರಲ್ಲಿ ಶುರುವಾಯಿತು. ಈಗ ಯಾರೆಂದರವರು ಸೂಜಿ ಹಿಡಿಯುವಂತಿಲ್ಲ. 2000ದಲ್ಲಿ ಬಂದ ಕಾಯ್ದೆಯ ಪ್ರಕಾರ ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಒಳಗೆ ಹೋದವನು ಮೊದಲು ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿದೆ. ನೀವೂ ನೋಡಿ. ಸಂಕೋಚ ಬೇಡ.

ನಾಲಿಗೆ ಆದ ಮೇಲೆ ನಾಡಿ. ಎರಡೂ ಕೈ, ಒಂದೊಂದು ಕೈಯಲ್ಲಿ ಮೂರು ಬೆರಳಿನಡಿ ಮೂರು ಜಾಗ. ಒಂದೊಂದು ಜಾಗ ಒಂದೊಂದು ಅಂಗದ ಸುದ್ದಿ ಹೇಳುತ್ತದಂತೆ. ವೈದ್ಯೆ ಕಣ್ಣು ಮುಚ್ಚಿ ಕೂತರು. ಎಷ್ಟು ಹೊತ್ತಾದರೂ ಮಾತಿಲ್ಲ. ಒಳಗೆ ಏನೇನು ಬಯಲಾಗುತ್ತಿದೆಯೋ ಎಂದು ನನ್ನ ನಾಡಿ ಇನ್ನೂ ಜೋರಾಗಿ ಹೊಡೆದುಕೊಳ್ಳತೊಡಗಿತು. ಕೊನೆಗೆ ನನ್ನ ಎಡಗೈಯ ನಾಡಿಯ ಮೇಲೆ ತಮ್ಮ ನಡುವಿನ ಬೆರಳು ಒತ್ತಿ, "ಲಿವರ್. ಸಿಟ್ಟು ಜಾಸ್ತಿ" ಎಂದರು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಹೌದು ಡಾಕ್ಟ್ರೇ, ಹೌದು" ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಆಮೇಲಿನ ಪ್ರಶ್ನೆಗಳು ಯಾವುದೂ ನನ್ನ ಹತ್ತಿರ ಬರಲೇ ಇಲ್ಲ. ನಿದ್ದೆ ಹೇಗೆ? ಬೆವರು ಬರುತ್ತದಾ? ಬಿಸಿನೀರು ಇಷ್ಟವೋ, ತಣ್ಣೀರೋ? ಬೆಳಿಗ್ಗೆ ಹೊಟ್ಟೆ ಸಲೀಸಾಗಿ ಹೋಗುತ್ತದಾ? ಎಲ್ಲಕ್ಕೂ ಅವಳದ್ದೇ ಉತ್ತರ, ಉದಾಹರಣೆ ಸಮೇತ. ಮೈಮೇಲೆ ಆಗಾಗ ಪಿತ್ತದ ಗಂಧೆ ಏಳುವುದನ್ನೂ ಅವಳೇ ಹೇಳಿಬಿಟ್ಟಳು. ಕಷಾಯದ ಕಥೆ ಶುರುವಾಗಿದ್ದು ಅಲ್ಲಿಂದ.

ಮೊದಲು ಸೂಜಿಯ ವಿಷಯ ಮುಗಿಸುತ್ತೇನೆ. ನೀವು ಅಂದುಕೊಂಡಷ್ಟು ನೋವಿಲ್ಲ. ರಕ್ತ ತೆಗೆಯುವ ಸೂಜಿ ಸುಮಾರು 0.8 ಮಿಲಿಮೀಟರ್ ದಪ್ಪ ಇದ್ದರೆ, ಇದು ಬರೀ 0.25. ಒಳಗೆ ತೂತಿಲ್ಲ, ಔಷಧಿಯೂ ಇಲ್ಲ. ಒಂದು ಸಲ ಬಳಸಿದ್ದನ್ನು ಮತ್ತೆ ಬಳಸುವುದಿಲ್ಲ, ಪ್ಯಾಕೆಟ್ಟನ್ನು ಎದುರಿಗೇ ಒಡೆಯುತ್ತಾರೆ. ಪ್ಲಾಸ್ಟಿಕ್ ಕೊಳವೆ ಇಟ್ಟು ಬೆರಳಿನಿಂದ ಟಪ್ ಎಂದು ತಟ್ಟಿದರೆ ಒಳಗೆ. ಆಮೇಲೆ ಸ್ವಲ್ಪ ತಿರುಗಿಸುತ್ತಾರೆ. ಆಗ ಒಂಥರಾ ಭಾರ, ಜೋಮು, ಒಳಗೊಳಗೇ ಎಳೆತ. "ಭಾರ ಅನಿಸ್ತಾ?" ಎಂದು ಕೇಳುತ್ತಾರೆ. ಅನಿಸಿದರೆ ಅವರಿಗೆ ಸಂತೋಷ.

ವಿಚಿತ್ರ ಏನೆಂದರೆ ನೋವಿರುವ ಕಡೆಗೆ ಅವರು ಬರುವುದೇ ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಸೂಜಿ ಹಾಕುವ 361 ಬಿಂದುಗಳಿವೆ. ಅವಲ್ಲದೆ ಪಟ್ಟಿಯ ಹೊರಗಿನವೂ ಇವೆ. ಕತ್ತು ನೋವೆಂದರೆ ಮೊದಲ ಸೂಜಿ ಬಿದ್ದದ್ದು ಅಂಗೈಯ ಹಿಂಭಾಗಕ್ಕೆ, ತೋರುಬೆರಳು ಮತ್ತು ನಡುಬೆರಳಿನ ಮೂಳೆಗಳ ನಡುವೆ. ಅದನ್ನು ತಿರುಗಿಸುತ್ತಾ, "ಈಗ ಕತ್ತು ಆಡಿಸಿ" ಎಂದರು. ಆಡಿತು! ಪೂರ್ತಿ ಅಲ್ಲ, ಬಾಗಿಲ ಬಳಿ ಇದ್ದ ಹೆಂಡತಿ ಕಾಣುವಷ್ಟು. ಆಮೇಲೆ ತಲೆಬುರುಡೆಯ ಬುಡಕ್ಕೆ ಎರಡು, ಭುಜಕ್ಕೆ ಎರಡು, ಮೊಣಕಾಲಿನ ಕೆಳಗೆ ಒಂದೊಂದು, ನೆತ್ತಿಗೆ ಒಂದು. ನೆತ್ತಿಯ ಸೂಜಿ ಕೂದಲಲ್ಲಿ ಮರೆಯಾಗಿ, ತೆಗೆಯುವುದು ಮರೆತುಹೋಗುವ ಸಂಭವ ಇರುತ್ತದಂತೆ. ನನ್ನ ನೆತ್ತಿ ನೋಡಿ ನರ್ಸು, "ನಿಮಗೆ ಆ ಭಯ ಇಲ್ಲ" ಎಂದಳು.

ಇಪ್ಪತ್ತು ನಿಮಿಷ ಅಲ್ಲಾಡಬಾರದು ಎಂದು ಪರದೆ ಎಳೆದು ಹೋದರು. ಅವರು ಹೋದ ತಕ್ಷಣ ಮೂಗಿನ ತುದಿ ತುರಿಸತೊಡಗಿತು. ಕೈಗಳಲ್ಲಿ ಸೂಜಿ. ತುಟಿ ಮೇಲೆತ್ತಿ ಮೂಗಿಗೆ ಗಾಳಿ ಊದಿದೆ. ಪಕ್ಕದ ಪರದೆಯ ಹಿಂದೆ ಯಾರೋ ಗೊರಕೆ ಹೊಡೆಯುತ್ತಿದ್ದರು. ಕರೆಗಂಟೆ ಕೊಟ್ಟಿದ್ದರು, ಆದರೆ ಅದನ್ನು ಒತ್ತಬೇಕಾದ ಬೆರಳಿನ ಬುಡದಲ್ಲೇ ಸೂಜಿ. ಅಷ್ಟರಲ್ಲಿ ಕುರ್ಚಿಯ ಮೇಲಿನ ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಗೊರಕೆ ನಿಂತು ಚೀನೀ ಭಾಷೆಯಲ್ಲಿ ಏನೋ ಬೈಗುಳ ಬಂತು. ಫೋನು ಅಮ್ಮನದ್ದು. ಸೂಜಿ ನೋವಾಯಿತಾ ಎಂದು ಕೇಳಲು.

ಹೊಟ್ಟೆ ಹಸಿದುಕೊಂಡು ಮಾತ್ರ ಹೋಗಬೇಡಿ, ತಲೆ ಸುತ್ತು ಬರಬಹುದು. ಇನ್ನು ವಾಟ್ಸಾಪಿನಲ್ಲಿ ಓಡಾಡುವ, ಬರೀ ಸೂಜಿ ಚುಚ್ಚಿ ಅಮೆರಿಕದ ಪತ್ರಕರ್ತರೊಬ್ಬರ ಅಪೆಂಡಿಕ್ಸ್ ತೆಗೆದರು ಎಂಬ ಕಥೆ ನಂಬಬೇಡಿ. 1971ರಲ್ಲಿ ಪೀಕಿಂಗಿನಲ್ಲಿ ಜೇಮ್ಸ್ ರೆಸ್ಟನ್ ಅವರಿಗೆ ಆಪರೇಷನ್ ಮಾಡಿದ್ದು ಮಾಮೂಲಿ ಅರಿವಳಿಕೆ ಮದ್ದು ಕೊಟ್ಟೇ. ಸೂಜಿ ಬಂದದ್ದು ಆಮೇಲೆ, ಹೊಟ್ಟೆಯ ಸಂಕಟ ಇಳಿಸಲು. ನಮ್ಮ ದೇಶಕ್ಕೂ ಇದು ಹೊಸದಲ್ಲ. 1938ರಲ್ಲಿ ಡಾ. ಕೋಟ್ನೀಸ್ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಮುಂದೆ ಈ ವಿದ್ಯೆ ಕಲಿತು ಕೋಲ್ಕತ್ತಕ್ಕೆ ತಂದರು.

ಮುಂದಿನ ಸಲ ಭುಜಕ್ಕೆ ಬಟ್ಟಲು ಹಾಕಿದರು. ಗಾಜಿನ ಬಟ್ಟಲೊಳಗೆ ಬೆಂಕಿ ತೋರಿಸಿ ಬೆನ್ನಿಗೆ ಅಂಟಿಸುವುದು. ಒಳಗಿನ ಗಾಳಿ ಆರಿ ಚರ್ಮ ಮೇಲೆ ಎಳೆದುಕೊಳ್ಳುತ್ತದೆ. ಒಳ್ಳೇ ಹಾಯ್ ಅನಿಸುತ್ತದೆ. ಗುರುತು ಒಂದು ವಾರ ಹೋಗದಿರಬಹುದು ಎಂದೂ ಹೇಳಿದ್ದರು. ಹೇಳಿದ್ದು ನನ್ನ ತಲೆಗೆ ಹೋಗಿತ್ತು, ಪಂಚಾಂಗ ಮಾತ್ರ ಯಾರೂ ನೋಡಿರಲಿಲ್ಲ. ಎರಡು ದಿನಕ್ಕೆ ಉಪಾಕರ್ಮ.

ಊರಿನ ಕನ್ನಡಿಗರೆಲ್ಲ ಸೇರಿದ್ದರು. ಪಂಚೆ ಉಟ್ಟು, ಶಲ್ಯ ತೆಗೆದು, ಎಲ್ಲರಿಗೂ ಬೆನ್ನು ಕಾಣುವ ಹಾಗೆ ಮುಂದಿನ ಸಾಲಿನಲ್ಲಿ ಕೂತೆ. ಮಂತ್ರ ಹೇಳುತ್ತಿದ್ದ ಹಿಂದಿನ ಸಾಲು ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು. ಒಬ್ಬ ಪುಟ್ಟ ವಟು ಮಾತ್ರ ಗಟ್ಟಿಯಾಗಿ ಕೇಳಿದ: "ಅಪ್ಪಾ, ಅಂಕಲ್ ಬೆನ್ನ ಮೇಲೆ ಇಡ್ಲಿ ತಟ್ಟೆ ಒತ್ತಿದಾರಾ?" ಇನ್ನೊಬ್ಬರು ನನ್ನ ಹೆಂಡತಿಯ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, "ಎಲ್ಲಾ ಸರಿಯಿದೆ ತಾನೇ?" ಎಂದು ಪಿಸುಗುಟ್ಟಿದರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲೂ ಇದೇ ಗುರುತುಗಳಿದ್ದವು ಎಂದು ವಿವರಿಸಿದೆ. ಹಿರಿಯರೊಬ್ಬರು ಜನಿವಾರ ಸರಿಮಾಡಿಕೊಳ್ಳುತ್ತಾ, "ಅವನು ಚಿನ್ನ ತಂದನಪ್ಪ. ನೀನು?" ಎಂದರು.

ಇನ್ನು ಕಷಾಯ. ಔಷಧಿ ಅಂಗಡಿಯ ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳು. ಒಂದೊಂದರಿಂದಲೂ ಚಿಟಿಕೆ, ಹಿಡಿ ತೆಗೆದು ತೂಗಿ ಕಾಗದದ ಮೇಲೆ ಗುಡ್ಡೆ ಹಾಕುತ್ತಾರೆ. ಸಸ್ಯಾಹಾರಿ ಎಂದು ಮೊದಲೇ ಹೇಳಿದ್ದೆ. "ಕೋಳಿ ಓಕೆ?" ಎಂದರು. ಇಲ್ಲ ಎಂದೆ. "ಮೀನು?" ಅದೂ ಇಲ್ಲ ಎಂದಾಗ ಅಯ್ಯೋ ಪಾಪ ಎಂಬ ಮುಖ ಮಾಡಿದರು. ಅಲ್ಲಿಗೆ ವಿಚಾರಣೆ ಮುಗಿಯಿತು ಅಂದುಕೊಂಡೆ.

ಮನೆಗೆ ತಂದ ಪೊಟ್ಟಣವನ್ನು ಅಮ್ಮ ಮೊರದಲ್ಲಿ ಸುರಿದು ಅಕ್ಕಿ ಆರಿಸುವ ಭಂಗಿಯಲ್ಲಿ ಕೂತರು. "ಇದು ಅತಿಮಧುರ. ಇದು ಎಳ್ಳು. ಅಯ್ಯೋ, ಇದಕ್ಕಾ ಅಷ್ಟು ದುಡ್ಡು ಕೊಟ್ಟೆ? ಈ ಬಿಳಿ ಕಲ್ಲು ಏನೋ?" ಅದು ಜಿಪ್ಸಮ್. ಮೈಯಲ್ಲಿ ಸೇರಿಕೊಂಡ ಗಾಳಿ ಓಡಿಸುವ ಶಿಯಾವೊ ಫೆಂಗ್ ಸಾನ್ ಎಂಬ ಹಳೆಯ ಔಷಧಿ ಮಿಶ್ರಣ ಇದು ಎಂದು ವೈದ್ಯೆ ಹೇಳಿದ್ದನ್ನು ಹೇಳಿದೆ. "ವಾಯು ಅನ್ನು ಮತ್ತೆ! ನಾನು ಹೇಳ್ತಿದ್ದೆ ತಾನೇ, ರಾತ್ರಿ ಹೊತ್ತು ಆಲೂಗಡ್ಡೆ ಬೇಡ ಅಂತ" ಎಂದರು. ಆಮೇಲೆ ಅವರ ಬೆರಳು ನಿಂತಿತು. ಒಂದು ತೆಳು ಕಂದು ವಸ್ತುವನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು. ಹಗುರ, ಒಳಗೆ ಟೊಳ್ಳು, ಬೆನ್ನ ಮೇಲೆ ಉದ್ದಕ್ಕೆ ಬಿರುಕು. "ಇದು ಯಾವ ಬೇರೋ? ಕಾಲಿದೆಯಲ್ಲೋ ಇದಕ್ಕೆ!"

ಜೀರುಂಡೆ ಕಳಚಿಹೋದ ಪೊರೆ. ಗಂಧೆಗೆ ಅದು ಒಳ್ಳೆಯದಂತೆ. ಅಂಗಡಿಗೆ ಫೋನು ಮಾಡಿದರೆ, "ಪೊರೆ ಮಾತ್ರ ಅಲ್ವಾ, ಹುಳ ತಾನಾಗಿಯೇ ಹಾರಿಹೋಗಿದೆ, ಸಸ್ಯಾಹಾರವೇ" ಎಂದರು. ವಾದ ಬಿಗಿಯಾಗಿಯೇ ಇತ್ತು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ಹಿಂಸೆ ಇಲ್ಲ, ನಿಜ. ಆದ್ರೂ ನನ್ನ ಪಾತ್ರೇಲಿ ಬೇಡ." ವೈದ್ಯೆಯನ್ನು ಕೇಳಿ ಅದನ್ನು ತೆಗೆಸಿಹಾಕಿದೆವು. ನೀವು ಸಸ್ಯಾಹಾರಿಯಾದರೆ ಕೋಳಿ, ಮೀನಿಗೆ ನಿಲ್ಲಿಸಬೇಡಿ. ಹುಳ, ಎರೆಹುಳ, ಚಿಪ್ಪು, ಕತ್ತೆಯ ಚರ್ಮದ ಅಂಟು ಎಲ್ಲವನ್ನೂ ಹೆಸರು ಹಿಡಿದು ಕೇಳಿ.

ಮಣ್ಣಿನ ಮಡಕೆಯಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ, ಮೂರು ಬಟ್ಟಲು ನೀರನ್ನು ಒಂದಕ್ಕೆ ಇಳಿಸಬೇಕು. ಅಮ್ಮನಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ವಾಸನೆ ಮಾತ್ರ ಲಿಫ್ಟಿನ ತನಕ ಹೋಯಿತು. ಇಷ್ಟು ವರ್ಷ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಎದುರು ಮನೆಯ ಚೀನೀ ಆಂಟಿ ಬಾಗಿಲು ತಟ್ಟಿ, "ಯಾರಿಗೆ ಹುಷಾರಿಲ್ಲ?" ಎಂದು ಕೇಳಿ, ಕಹಿ ಹೋಗಲೆಂದು ಬಾಯಿಗೆ ಹಾಕಿಕೊಳ್ಳಲು ಹುಳಿ ಸಿಹಿ ಬಿಲ್ಲೆ ಕೊಟ್ಟು ಹೋದರು. ಕಹಿ ಅಂದರೆ ಎಂಥ ಕಹಿ! ಬೇವು ನೆನೆಸಿಕೊಂಡು ಕಣ್ಣಲ್ಲಿ ನೀರು ಬಂತು.

"ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಎಂದು ಅಮ್ಮ ಅಂದದ್ದನ್ನು ಮಾತ್ರ ನಾನು ಒಪ್ಪಲಿಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆ ತಿಂದ ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಜಾತಿಯ ಇನ್ನೊಂದು ಬೇರು ಸೇರಿಹೋಗಿತ್ತು. ನಮ್ಮಲ್ಲಿ ಹಾವು ಕಚ್ಚಿದರೆ ಕೊಡುವ ಈಶ್ವರಿ ಬೇರು ಅದೇ ಜಾತಿಯದು, ವಿಷವೂ ಅದೇ. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಇಬ್ಬರು ಡಾಕ್ಟರಿಗೂ ವಿಷಯ ಹೇಳಿಯೇ ಮುಂದುವರಿಯಬೇಕು.

ಕತ್ತು ಕೆಲವು ವಾರಗಳಲ್ಲಿ ಬಿಟ್ಟುಕೊಂಡಿತು. ಯಾರಿಂದ ಎಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹೆಂಡತಿ ನನ್ನಿಂದ ಫೋನು ಕಿತ್ತಿಟ್ಟಿದ್ದೇ ಕಾರಣ ಎನ್ನುತ್ತಾಳೆ. ಅಮ್ಮ ಕದ್ದು ದಿಂಬನ್ನು ಬಿಸಿಲಿಗೆ ಹಾಕಿದ್ದರಂತೆ. ಸೂಜಿಯ ಪರವಾಗಿ ವಾದ ಮಾಡೋಣ ಎಂದರೆ ಅಲ್ಲೂ ಒಂದು ಕೊಕ್ಕೆ ಇದೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಸೊಂಟ ನೋವಿನ 1162 ಜನ ಇದ್ದರು. ಸರಿಯಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡಾ 47.6ರಷ್ಟು ಮಂದಿಗೆ ಗುಣ ಕಂಡಿತು. ಬೇಕೆಂದೇ ತಪ್ಪು ಜಾಗಕ್ಕೆ, ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾಮೂಲಿ ಮಾತ್ರೆ, ವ್ಯಾಯಾಮದವರಲ್ಲಿ ಬರೀ 27.4. ಅಂದರೆ ಚುಚ್ಚಿದರೆ ಸಾಕು, ಎಲ್ಲಿ ಎಂಬುದು ಅಷ್ಟು ಮುಖ್ಯವಲ್ಲ ಅಂತಲೋ? ವೈದ್ಯೆಯ ಮುಂದೆ ಇದನ್ನು ಎತ್ತಲು ನನಗೆ ಧೈರ್ಯ ಬರಲಿಲ್ಲ. ಅವರ ಕೈಯಲ್ಲಿ ಸೂಜಿ ಇರುತ್ತಲ್ಲ.

ಊರಿಗೆ ಹೊರಡುವ ಮೊದಲು ಅಮ್ಮ ತಮ್ಮ ಮಂಡಿ ತೋರಿಸಬೇಕೆಂದರು. ಭಾಷೆ ಬಾರದಿದ್ದರೂ ಇಬ್ಬರಿಗೂ ಚೆನ್ನಾಗಿ ಹೊಂದಿತು. ತಣ್ಣೀರು ಕುಡಿಯಬಾರದು ಎಂದು ವೈದ್ಯೆ ಕೈಸನ್ನೆ ಮಾಡಿದರು. ಅಮ್ಮ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ?" ಎಂದರು. ಪಪ್ಪಾಯಿ ಉಷ್ಣವೋ ಶೀತವೋ ಎಂಬಲ್ಲಿ ಸಣ್ಣ ಭಿನ್ನಮತ ಬಂದು ಬಗೆಹರಿಯಿತು. ಮಂಡಿಗೆ ಶಾಖ ಕೊಡಲು ಒಣಸೊಪ್ಪಿನ ಬತ್ತಿ ಹಚ್ಚಿದಾಗ ಅಮ್ಮ ಮೂಗೆಳೆದು, "ಮಾಚಿಪತ್ರೆ ಅಲ್ವೇನೋ? ಗಣೇಶನಿಗೆ ಏರಿಸೋದು!" ಎಂದು ಖುಷಿಪಟ್ಟರು. ನಿಜ, ಅದೇ ಜಾತಿ. ಅದೇ ಜಾತಿಯ ಇನ್ನೊಂದು ಗಿಡದಿಂದ ಮಲೇರಿಯಾ ಔಷಧಿ ತೆಗೆದದ್ದಕ್ಕೆ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು ಎಂದೆ. "ಮತ್ತೆ? ಈಯಮ್ಮನೂ ಸಾಮಾನ್ಯದವಳಲ್ಲ" ಎಂದು ವೈದ್ಯೆಯ ಕೈ ಸವರಿದರು.

ಕೊನೆಗೆ ವೈದ್ಯೆ ಪಥ್ಯ ಬರೆದುಕೊಟ್ಟರು. ನಾನು ಓದಿ ಹೇಳಿದೆ. ಐಸ್‌ಕ್ರೀಂ ಬೇಡ, ಹಾಲು ಕಡಿಮೆ, ಮೊಸರು ಪೂರ್ತಿ ಬಂದ್.

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನಡಿಯೋ ಹೋಗೋಣ. ಈಯಮ್ಮಂಗೆ ವೈದ್ಯ ಏನೂ ಗೊತ್ತಿಲ್ಲ."