ಗದ್ದಿಗೆಗೂ ಒಮ್ಮೆ ಬನ್ನಿ

ಶನಿವಾರ, ಭಾನುವಾರ ಬಂತೆಂದರೆ ಮಡಿಕೇರಿಯ ರಾಜಾಸೀಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬರಲಿ, ಖುಷಿಯೇ. ಆ ಬೆಟ್ಟದ ಸಾಲು, ಸೂರ್ಯ ಮುಳುಗುವ ಹೊತ್ತಿನ ಬಣ್ಣ ಎಲ್ಲರೂ ನೋಡಬೇಕಾದ್ದೇ. ಆದರೆ ಅಲ್ಲಿ ಕೂತು ಸಂಜೆ ನೋಡುತ್ತಿದ್ದ ರಾಜರು ಈಗ ಎಲ್ಲಿ ಮಲಗಿದ್ದಾರೆ ಅಂತ ಕೇಳುವವರು ತುಂಬಾ ಕಡಿಮೆ. ಮಹದೇವಪೇಟೆ ದಾಟಿ ಏರು ಹತ್ತಿದರೆ ಸಿಗುತ್ತದೆ ಗದ್ದಿಗೆ, ಅಂದರೆ ಆ ರಾಜರ ಸಮಾಧಿ.

ಮೊನ್ನೆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಹೋಗಿದ್ದೆ. ನನ್ನನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ. ಅಕ್ಕಪಕ್ಕ ಒಂದೇ ತರಹದ ಎರಡು ದೊಡ್ಡ ಗುಮ್ಮಟ. ಒಂದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು. ಇನ್ನೊಂದು ಲಿಂಗರಾಜೇಂದ್ರ ಮತ್ತು ಅವನ ರಾಣಿಯದು. ದೂರದಿಂದ ಮಸೀದಿಯ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ತಲೆ ಎತ್ತಿದರೆ ಮೂಲೆಯಲ್ಲಿ ನಂದಿ ಕೂತಿದೆ! ಕಿಟಕಿಯ ಸರಳುಗಳು ಹಿತ್ತಾಳೆಯವು. ಮುಟ್ಟಿ ನೋಡಿದೆ, ಮಳೆಗಾಲದ ತಣ್ಣನೆ ಬೆರಳಿಗೆ ಹತ್ತಿತು.

ಕೊಡಗನ್ನು ಆಳಿದ ಈ ಹಾಲೇರಿ ಅರಸರು ಲಿಂಗಾಯತರು. ಕಟ್ಟಿಸಿದ್ದು ಮಾತ್ರ ಈ ಶೈಲಿಯಲ್ಲಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನವೂ ಹಾಗೇ ಅಲ್ವಾ? ಮೇಲೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರು, ಒಳಗೆ ಶಿವಲಿಂಗ. ಇದು ನಮ್ಮೂರಿನ ದೊಡ್ಡತನ ಅಂತಲೇ ನನ್ನ ನಂಬಿಕೆ.

ಗದ್ದಿಗೆಯ ಆವರಣದಲ್ಲಿ ನನ್ನ ಮನಸ್ಸು ಜಾಸ್ತಿ ಹೊತ್ತು ನಿಂತಿದ್ದು ಬಿದ್ದಂಡ ಬೋಪು ಅವರ ಸಮಾಧಿಯ ಹತ್ತಿರ. ಟಿಪ್ಪುವಿನ ವಿರುದ್ಧ ಹೋರಾಡಿ ಜೀವ ಕೊಟ್ಟವರು. ಪಕ್ಕದಲ್ಲೇ ಮಗ ಸೋಮಯ್ಯ. ರಾಜ ತನ್ನ ದಂಡಿನವರನ್ನು ತನ್ನ ಮಗ್ಗುಲಲ್ಲೇ ಇಟ್ಟುಕೊಂಡ.

ಹಾಲೇರಿ ಅರಸ ಮುದ್ದುರಾಜ 1681ರಲ್ಲಿ ಇಲ್ಲಿ ನೆಲೆ ನಿಂತ. ಮುದ್ದುರಾಜಕೇರಿ ಆಡುವವರ ಬಾಯಲ್ಲಿ ಮಡಿಕೇರಿಯಾಯಿತು. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಕರೆದ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮತ್ತೆ ಗೆದ್ದುಕೊಂಡ. ಕೋಟೆಗೆ ಹೋದವರು ಗಾರೆಯ ಎರಡು ಆನೆಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಆ ಕೋಟೆ ಗೆದ್ದವನು ಇದೇ ಊರಿನ ಇನ್ನೊಂದು ಗುಡ್ಡದಲ್ಲಿದ್ದಾನೆ ಅಂತ ಅವರಿಗೆ ಹೇಳುವವರೇ ಇಲ್ಲ.

ತಪ್ಪು ಬಂದವರದಲ್ಲ, ನಮ್ಮದು. ಹೋಂಸ್ಟೇ ನಡೆಸುವ ಗೆಳೆಯರೇ, ಅತಿಥಿಗಳಿಗೆ ಅಬ್ಬಿ ಜಲಪಾತ, ದುಬಾರೆ ಅಂತ ಪಟ್ಟಿ ಕೊಡುತ್ತೀರಲ್ಲ, ಅದರಲ್ಲಿ ಗದ್ದಿಗೆಯನ್ನೂ ಬರೆಯಿರಿ. ಟೀಚರ್‌ಗಳೇ, ಮಕ್ಕಳನ್ನು ದೂರದ ಊರಿಗೆ ಪ್ರವಾಸ ಕರೆದೊಯ್ಯುವ ಮೊದಲು ಅರ್ಧ ದಿನ ಇಲ್ಲಿಗೆ ಕರೆತನ್ನಿ. ಸುಮ್ನೆ ಒಂದು ಸುತ್ತು ಹಾಕಿಸಿದರೂ ಸಾಕು.

ಬಂದಾಗ ಮಕ್ಕಳಿಗೆ ಇದನ್ನೂ ಹೇಳಿ. ಲಿಂಗರಾಜೇಂದ್ರನ ಗದ್ದಿಗೆ ಕಟ್ಟಿಸಿದ್ದು ಮಗ ಚಿಕ್ಕವೀರರಾಜೇಂದ್ರ. 1834ರಲ್ಲಿ ಬ್ರಿಟಿಷರು ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಅವನ ಕ್ರೌರ್ಯದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೂ ಅಪ್ಪನಿಗೆ ಇಷ್ಟು ಚಂದದ ಗದ್ದಿಗೆ ಕಟ್ಟಿಸಿದ ಮಗ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಈ ಗುಡ್ಡದಲ್ಲಿ ಅವನಿಗೆ ಜಾಗ ಸಿಗಲಿಲ್ಲ.